ನೀರಿನ ಸ್ಕೂಟರಿಗೆ ಶಿವಾಜಿನಗರದ ಮೂತಿ

ಮಲ್ಪೆ, ಪಣಂಬೂರು, ಮುರ್ಡೇಶ್ವರದ ಕಡಲತೀರಕ್ಕೆ ಹೋದವರೆಲ್ಲ ಜೆಟ್ ಸ್ಕೀ ನೋಡಿರುತ್ತಾರೆ. ಕವಾಸಾಕಿ ಕಂಪನಿ 1973ರಲ್ಲಿ ಆ ಹೆಸರಿನ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಯಾರ ಗಾಡಿಯಾದರೂ ಜನರ ಬಾಯಲ್ಲಿ ಜೆಟ್ ಸ್ಕೀಯೇ. ಎಂಜಿನ್ ಕೆಟ್ಟರೆ ಹೇಗೋ ಮೆಕ್ಯಾನಿಕ್ ಸಿಗುತ್ತಾನೆ. ಮುಂದಿನ ಮುಚ್ಚಳ ಬಂಡೆಗೆ ಬಡಿದು ಸೀಳಿದರೆ ಮಾತ್ರ ಫಜೀತಿ. ಹಳೆಯ ಮಾಡೆಲ್ಲಿನ ಬಿಡಿಭಾಗ ಕಂಪನಿಯಲ್ಲೇ ಇರುವುದಿಲ್ಲ, ಹೊರದೇಶದಿಂದ ತರಿಸಿದರೆ ಮಾಲಿಗಿಂತ ಸಾಗಣೆ, ಸುಂಕವೇ ಭಾರ. ಅಂಥದೊಂದು ಒಡೆದ ಮುಚ್ಚಳ ಗೋಣಿಚೀಲದಲ್ಲಿ ಸುತ್ತಿಸಿಕೊಂಡು, ರಾತ್ರಿ ಬಸ್ಸು ಹತ್ತಿ, ಸಮುದ್ರವೇ ಇಲ್ಲದ ಬೆಂಗಳೂರಿಗೆ ಬಂದಿದೆ ಎಂದು ಕೇಳಿ ಶಿವಾಜಿನಗರಕ್ಕೆ ಹೋದೆ.

ಹಳೇ ಕಾರು, ಬೈಕುಗಳ ಬಿಡಿಭಾಗದ ಅಂಗಡಿಗಳ ಸಾಲು ದಾಟಿದರೆ ಫೈಬರ್ ಕೆಲಸದ ಮಳಿಗೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ರೆಸಿನ್ನಿನ ಘಾಟು ಮೂಗಿಗೆ ಬಡಿಯುತ್ತದೆ. ಒಳಗಿದ್ದವರನ್ನು ಹುಡುಗರು ಕರೆಯುವುದು ಉಸ್ತಾದ್ ಎಂದು, ಗಿರಾಕಿಗಳು ಭಾಯ್ ಎಂದು. ಅರವತ್ತು ದಾಟಿದ ಮನುಷ್ಯ. ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಬೇಡ. "ಹೆಸರು ಯಾಕೆ ಸಾರ್, ಕೆಲಸ ನೋಡಿ" ಎಂದು ಸ್ಟೂಲು ಎಳೆದು ಕೂರಿಸಿದರು.

ಕೆಲಸ ಶುರುವಾಗುವುದು ಒಡೆದುದನ್ನು ಮೊದಲಿನಂತೆ ಮಾಡುವುದರಿಂದ. ಚೂರುಗಳನ್ನು ಹಿಂಭಾಗದಿಂದ ಅಂಟಿಸಿ, ಸಂದುಗಳಿಗೆ ಪುಟ್ಟಿ ತುಂಬಿ, ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಬೇಕು. ಇದರ ಮೇಲೆಯೇ ಅಚ್ಚು ತೆಗೆಯುವುದರಿಂದ ಇಲ್ಲಿ ಉಳಿದ ಗೀರು ಅಚ್ಚಿಗೂ ಹೋಗುತ್ತದೆ, ಅಚ್ಚಿನಿಂದ ಹೊಸ ಭಾಗಕ್ಕೂ ಬರುತ್ತದೆ. ಆಮೇಲೆ ವ್ಯಾಕ್ಸ್. ಹಚ್ಚಿ, ಒಣಗಿಸಿ, ಒರೆಸಿ, ಮತ್ತೆ ಹಚ್ಚಿ. ಹುಡುಗರಿಗೆ ಬೇಜಾರು ಬರುವ ಕೆಲಸ ಇದು, ಉಸ್ತಾದ್ ಬೈಯುವುದೂ ಇಲ್ಲೇ ಹೆಚ್ಚು. ವ್ಯಾಕ್ಸ್ ತಪ್ಪಿದ ಒಂದು ಅಂಗೈಯಗಲ ಸಾಕು, ಅಚ್ಚೂ ಮಾಲೂ ಒಂದಕ್ಕೊಂದು ಕಚ್ಚಿಕೊಂಡು ಎರಡೂ ಹಾಳು. ಅಂಚು ಒಳಕ್ಕೆ ಮಡಚಿರುವ ಭಾಗಕ್ಕೆ ಒಂದೇ ಅಚ್ಚು ಆಗುವುದಿಲ್ಲ, ಮಾಲು ಹೊರಗೆ ಬರದೆ ಸಿಕ್ಕಿಕೊಳ್ಳುತ್ತದೆ. ಎರಡು ತುಂಡಿನ ಅಚ್ಚು ಮಾಡಿ ಬೋಲ್ಟ್ ಹಾಕುತ್ತಾರೆ.

ಅಚ್ಚು ಸಿದ್ಧವಾದ ಮೇಲೆ ಮೊದಲು ಬಣ್ಣದ ಜೆಲ್‌ಕೋಟ್ ಬಳಿದು, ಅದು ಬೆರಳಿಗೆ ಅಂಟಂಟಾದರೂ ಬಣ್ಣ ಬಿಡದಷ್ಟು ಬಿಗಿಯಾದಾಗ ಗಾಜಿನ ನೂಲಿನ ಮ್ಯಾಟ್ ಹಾಸಿ ರೆಸಿನ್ ಕುಡಿಸುತ್ತಾರೆ. ಬ್ರಷ್ಷಿನಲ್ಲಿ ಎಳೆದು ಬಳಿದರೆ ಎಳೆಗಳು ಕಿತ್ತು ಬರುತ್ತವೆ, ಕುಟ್ಟಬೇಕು. ಬಿಳಿ ಮ್ಯಾಟ್ ರೆಸಿನ್ ಕುಡಿದಂತೆ ಗಾಜಾಗಿ ಕಣ್ಣೆದುರೇ ಮಾಯವಾಗುತ್ತದೆ. ಬೆಳ್ಳಗೆ ಉಳಿದ ಕಡೆ ಗಾಳಿ ಇದೆ ಎಂದರ್ಥ.

ರೆಸಿನ್ ಗಟ್ಟಿಯಾಗಲು ಎರಡು ಮದ್ದು ಬೇಕು, ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತಿರುವ ಹಾರ್ಡನರ್. ಕೋಬಾಲ್ಟನ್ನು ಮೊದಲೇ ರೆಸಿನ್ನಿಗೆ ಕಲಸಿಡುತ್ತಾರೆ, ಹಾರ್ಡನರ್ ಕೊನೆಗೆ, ನೂರಕ್ಕೆ ಒಂದೆರಡು ಪಾಲು. ಇವೆರಡನ್ನು ನೇರವಾಗಿ ಒಂದಕ್ಕೊಂದು ಸುರಿದರೆ ಸಿಡಿದು ಬೆಂಕಿ ಹತ್ತಬಹುದು. ಅದಕ್ಕೇ ಎರಡು ಬಾಟಲಿ ಮಳಿಗೆಯ ಎರಡು ಗೋಡೆಗೆ. ಡಿಸೆಂಬರಿನ ಬೆಳಗ್ಗೆ ಹಾರ್ಡನರ್ ತುಸು ಜಾಸ್ತಿ, ಏಪ್ರಿಲ್ ಮಧ್ಯಾಹ್ನ ಕಡಿಮೆ. ಉಸ್ತಾದ್ ಅಳೆಯುವುದು ಬಾಟಲಿಯ ಮುಚ್ಚಳದಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ, ಒಂದು ಐದು ರೂಪಾಯಿ ನಾಣ್ಯ. ಅಚ್ಚಿನಿಂದ ಬಿಡಿಸಿದ ಮುಚ್ಚಳವನ್ನು ಮೊಣಕಾಲ ಮೇಲಿಟ್ಟುಕೊಂಡು ಉಸ್ತಾದ್ ಕಣ್ಣು ಮುಚ್ಚಿ ನಾಣ್ಯದಲ್ಲಿ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಮೂಲೆಯೊಂದರಲ್ಲಿ ಸದ್ದು ಡಬ್ ಎಂದಿತು. ತೆಂಗಿನಕಾಯಿ ಬಡಿದು ನೋಡುವವರ ಮುಖಭಾವ. ಪೆನ್ಸಿಲಿನಲ್ಲಿ ಅಲ್ಲೊಂದು ಸುತ್ತು ಗುರುತು ಹಾಕಿ ಹುಡುಗನ ಕೈಗೆ ಕೊಟ್ಟರು. ಅಲ್ಲಿ ಪದರ ಬಿಟ್ಟುಕೊಂಡಿದೆ, ಕೆತ್ತಿ ಮತ್ತೆ ಹಾಕಬೇಕು. ನಂಬುತ್ತೀರೋ ಇಲ್ಲವೋ, ವಿಮಾನದ ಕಾಂಪೊಸಿಟ್ ಭಾಗಗಳಿಗೂ ನಾಣ್ಯ ಬಡಿದು ನೋಡುವ ಈ ಪರೀಕ್ಷೆ ಇದೆ.

ವಿಮಾನದ ಮಾತು ಸುಮ್ಮನೆ ಬಂದದ್ದಲ್ಲ. ಈ ವಿದ್ಯೆ ಓಣಿಗೆ ಬಂದದ್ದು "ಎಚ್‌ಎಎಲ್ ಕಡೆಯಿಂದ" ಎಂದು ಉಸ್ತಾದ್ ಹೇಳುತ್ತಾರೆ. ಅದಕ್ಕೆ ಕಾಗದಪತ್ರ ಏನಿಲ್ಲ, ತಮ್ಮ ಗುರು ಹೇಳಿದ್ದು ಅಷ್ಟೇ. ಆದರೆ ಸುತ್ತಮುತ್ತಲ ಚರಿತ್ರೆ ಅವರ ಮಾತಿಗೆ ವಿರುದ್ಧವೇನಿಲ್ಲ. ವಿಮಾನ ಕಟ್ಟುವ ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ. ಇಂದಿರಾನಗರದ ಪಕ್ಕದ ಕೋಡಿಹಳ್ಳಿಯಲ್ಲಿ ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ. ಅಮೆರಿಕದ ಬರ್ಟ್ ರುಟಾನ್ ಫೋಮ್ ಕೆತ್ತಿ ಅದರ ಮೇಲೆ ಗಾಜಿನ ಬಟ್ಟೆ ಹಾಸಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ದಾರಿ ತೋರಿಸಿದರಲ್ಲ, ಅವರ ಲಾಂಗ್ ಈಝೀ ವಿನ್ಯಾಸದ ಜಾಡಿನಲ್ಲೇ ಎನ್‌ಎಎಲ್ ಕಟ್ಟಿದ ಪುಟ್ಟ ವಿಮಾನ 1987ರಲ್ಲಿ ಹಾರಿತು. ಗಾಜಿನ ನೂಲಿನ ಮೈಯ ಅದರ ಹಂಸ ವಿಮಾನ 1993ರಲ್ಲಿ. ಈಗಲೂ ಅಚ್ಚಿಲ್ಲದೆ ಒಂದೇ ಒಂದು ಭಾಗ ಬೇಕೆಂದರೆ ಶಿವಾಜಿನಗರದಲ್ಲೂ ಫೋಮ್ ಕೆತ್ತುವುದೇ ಉಪಾಯ.

ಕಾರಿನ ಕತೆಯೂ ಇದೆ. ಬೆಂಗಳೂರಿನದೇ ಆದ ಸಿಪಾನಿಯವರ ಮೂರು ಚಕ್ರದ ಬಾದಲ್, 1982ರ ಡಾಲ್ಫಿನ್, ಎರಡಕ್ಕೂ ಫೈಬರ್ ಮೈ. ರ‍್ಯಾಲಿಗಳಲ್ಲಿ ಡಾಲ್ಫಿನ್ ಓಡಿಸಿದವರು ಇನ್ನೂ ಅದರ ಮಾತೆತ್ತಿದರೆ ಕಣ್ಣರಳಿಸುತ್ತಾರೆ. ಆ ಕಾರುಗಳ ಬಾನೆಟ್ಟು, ಬಂಪರು ಒಡೆದಾಗ ಕಲಿತ ಕೈ ಇದು ಎನ್ನುತ್ತಾರೆ ಉಸ್ತಾದ್.

ಕಷ್ಟ ಕೇಳಿದರೆ ಅವರು ದುಡ್ಡಿನ ಮಾತು ಮೊದಲು ಎತ್ತಲಿಲ್ಲ, ತುರಿಕೆ ಎಂದರು. ಕತ್ತರಿಸುವಾಗ, ಉಜ್ಜುವಾಗ ಹಾರುವ ಗಾಜಿನ ಧೂಳು ಚರ್ಮಕ್ಕೆ ಚುಚ್ಚುತ್ತದೆ. ಬಿಸಿನೀರು ಬೇಡ, ತಣ್ಣೀರಲ್ಲೇ ತೊಳೆಯಬೇಕು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ ಹುಡುಗರನ್ನು ನೋಡಿ ನನಗೆ ಸಿಟ್ಟೇ ಬಂತು. ಕರವಸ್ತ್ರ ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇಂಗಾಲದ ಫಿಲ್ಟರಿನ ಮಾಸ್ಕೇ ಆಗಬೇಕು. ಇಷ್ಟು ನಯದ ಕೈಗಳಿಗೆ ಅಷ್ಟಾದರೂ ಸಲ್ಲಬೇಡವೆ? ಉಸ್ತಾದರ ಮಗ ಈ ಕೆಲಸಕ್ಕೆ ಬಂದಿಲ್ಲ. ಬರಲಿ ಎಂದು ಅವರಿಗೂ ಆಸೆಯಿಲ್ಲ.

ಗಿರಾಕಿಗಳಿಗೆ ಒಂದೆರಡು ಮಾತು. ಮುಚ್ಚಳ, ಸೀಟಿನ ತಳ, ಹ್ಯಾಂಡಲ್ ಕವರು, ಇವನ್ನು ಧೈರ್ಯವಾಗಿ ಮಾಡಿಸಬಹುದು. ನೀರನ್ನು ಸೀಳುವ ತಳಭಾಗಕ್ಕೆ ಮಾತ್ರ ಅಗ್ಗದ ಸಾಮಾನ್ಯ ರೆಸಿನ್ ಬೇಡ, ನೀರು ತಡೆಯುವ ಐಸೋ ಅಥವಾ ವಿನೈಲ್ ಎಸ್ಟರ್ ರೆಸಿನ್ನನ್ನೇ ಕೇಳಿ ಹಾಕಿಸಿ. ಇಲ್ಲವಾದರೆ ಕ್ರಮೇಣ ನೀರಿಳಿದು ಗುಳ್ಳೆ ಏಳುತ್ತದೆ. ಫೈಬರ್ ಒಮ್ಮೆ ಗಟ್ಟಿಯಾದರೆ ಕರಗಿಸಿ ಮತ್ತೆ ಎರಕ ಹೊಯ್ಯಲು ಬರುವುದಿಲ್ಲ, ಆದ್ದರಿಂದ ಒಡೆದದ್ದು ಕಸವೆಂದು ಎಸೆಯುವವರೇ ಹೆಚ್ಚು. ಎಸೆಯಬೇಡಿ. ಉಗುರಿನಷ್ಟು ಚೂರಿದ್ದರೂ ಹೆಕ್ಕಿ ಚೀಲಕ್ಕೆ ಹಾಕಿಕೊಂಡು ಬನ್ನಿ. ಚೂರು ಪೂರ್ತಿಯಿದ್ದರೆ ಅಚ್ಚು ತೆಗೆಯುವುದು ಸುಲಭ, ನಿಮಗೆ ಖರ್ಚೂ ಕಡಿಮೆ.