ಮೆಕ್ಸಿಕೋದ ಕುಟುಂಬವೊಂದರ ವಂಶಾವಳಿ: ನೆನಪಿನಿಂದ ದಾಖಲೆಗೆ, ದಾಖಲೆಯಿಂದ ಪುಸ್ತಕಕ್ಕೆ

ಮೆಕ್ಸಿಕೋದ ಖ್ಯಾತ ಕಲಾವಿದೆ ಫ್ರೀಡಾ ಕಾಲೋ 1936ರಲ್ಲಿ ತಮ್ಮ ವಂಶವೃಕ್ಷವನ್ನೇ ಚಿತ್ರವಾಗಿ ಬರೆದರು. ಮನೆಯ ಅಂಗಳದಲ್ಲಿ ನಿಂತ ಪುಟ್ಟ ಬಾಲಕಿಯ ಕೈಯಲ್ಲಿ ಕೆಂಪು ಪಟ್ಟಿಯೊಂದಿದೆ. ಅದು ಮದುವೆಯ ಉಡುಪಿನಲ್ಲಿರುವ ತಂದೆತಾಯಿಯರನ್ನು ಬಳಸಿ ಮೇಲೇರುತ್ತದೆ. ಒಂದು ಬದಿಯಲ್ಲಿ ಮೆಕ್ಸಿಕೋದ ನೆಲದ ಮೇಲಿರುವ ತಾಯಿಯ ಹೆತ್ತವರನ್ನೂ ಮತ್ತೊಂದು ಬದಿಯಲ್ಲಿ ಸಮುದ್ರದ ಮೇಲಿರುವ ತಂದೆಯ ಹೆತ್ತವರನ್ನೂ ತಲುಪುತ್ತದೆ. ವಂಶಾವಳಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಸಿಗಲಾರದು.

ಆದರೆ ಆ ಪಟ್ಟಿಯ ಒಂದು ತುದಿಯ ಬಗ್ಗೆ ಫ್ರೀಡಾ ಹೇಳುತ್ತಿದ್ದುದೇ ಬೇರೆ, ದಾಖಲೆಗಳು ಹೇಳಿದ್ದೇ ಬೇರೆ. ತಂದೆಯ ಕಡೆಯವರು ಹಂಗೇರಿ ಮೂಲದ ಯಹೂದಿಗಳೆಂದು ಅವರು ಹೇಳಿಕೊಂಡಿದ್ದರು. ತಂದೆ ಗಿಯೆರ್ಮೊ ಕಾಲೋ ಕುರಿತು 2005ರಲ್ಲಿ ಪ್ರಕಟವಾದ ಜರ್ಮನ್ ಸಂಶೋಧನಾ ಗ್ರಂಥವೊಂದು, ಅವರು ಜರ್ಮನಿಯ ಪ್ರಾಟೆಸ್ಟಂಟ್ ಮನೆತನದವರೆಂದು ದಾಖಲೆಗಳ ಆಧಾರದಿಂದ ತೋರಿಸಿತು. ತಾವು ಹುಟ್ಟಿದ್ದು ಮೆಕ್ಸಿಕೋ ಕ್ರಾಂತಿ ಆರಂಭವಾದ 1910ರಲ್ಲಿ ಎಂದೂ ಫ್ರೀಡಾ ಹೇಳುತ್ತಿದ್ದರು; ಜನನ ದಾಖಲೆಯಲ್ಲಿ ಇರುವುದು 1907. ಲೋಕವೇ ಬಲ್ಲ ಕಲಾವಿದೆಯ ಮನೆತನದಲ್ಲಿಯೇ ಮಾತಿಗೂ ದಾಖಲೆಗೂ ಇಷ್ಟು ಅಂತರವಿದ್ದರೆ ಜನಸಾಮಾನ್ಯರ ಕುಟುಂಬಗಳ ಪಾಡೇನು?

ಮೆಕ್ಸಿಕೋದಲ್ಲಿಯೂ ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರ ಮೊಮ್ಮಕ್ಕಳಲ್ಲಿಯೂ ತಮ್ಮ ಕುಟುಂಬದ ಚರಿತ್ರೆಯನ್ನು ತಾವೇ ಹುಡುಕಿ, ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರಿದ್ದಾರೆ. ಅಂಥ ಪುಸ್ತಕ ಹೇಗೆ ಸಿದ್ಧವಾಗುತ್ತದೆ ಮತ್ತು ಅದನ್ನು ಬರೆಯುವವರ ಮುಂದಿರುವ ಕಠಿಣ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಎರಡು ಅಡ್ಡಹೆಸರುಗಳ ಅನುಕೂಲ

ಕೆಲಸ ಆರಂಭವಾಗಬೇಕಾದುದು ಮನೆಯಲ್ಲಿಯೇ. ಬದುಕಿರುವ ಹಿರಿಯರ ಮಾತು, ಹಳೆಯ ಛಾಯಾಚಿತ್ರಗಳ ಹಿಂಬದಿಯ ಬರಹ, ಪ್ರಾರ್ಥನಾ ಪುಸ್ತಕದಲ್ಲಿ ಗುರುತು ಹಾಕಿಟ್ಟ ತಿಥಿಗಳು, ಮರಣಪತ್ರಿಕೆಗಳು ಮೊದಲ ಆಕರಗಳು. ಇವುಗಳಿಂದ ಮುಖ್ಯವಾಗಿ ಸಿಗಬೇಕಾದುದು ಊರಿನ ಹೆಸರು. ಮೆಕ್ಸಿಕೋದ ದಾಖಲೆಗಳೆಲ್ಲ ಊರು ಮತ್ತು ಚರ್ಚಿನ ಲೆಕ್ಕದಲ್ಲಿ ಇರುವುದರಿಂದ 'ಹಾಲಿಸ್ಕೊ ರಾಜ್ಯದವರು' ಎಂಬ ಮಾಹಿತಿ ಸಾಲದು. ಯಾವ ಪಟ್ಟಣ, ಸಾಧ್ಯವಾದರೆ ಯಾವ ಹಳ್ಳಿ ಎಂಬುದು ತಿಳಿಯಬೇಕು.

ಸ್ಪ್ಯಾನಿಷ್ ಪದ್ಧತಿಯ ಹೆಸರು ಸಂಶೋಧಕರಿಗೆ ವರದಾನವಾಗಿದೆ. ವ್ಯಕ್ತಿಯ ಹೆಸರಿನ ನಂತರ ಮೊದಲು ತಂದೆಯ ಮನೆತನದ ಹೆಸರು, ಆಮೇಲೆ ತಾಯಿಯ ಮನೆತನದ ಹೆಸರು ಬರುತ್ತದೆ. ಫ್ರೀಡಾ ಕಾಲೋ ಕಾಲ್ಡೆರೋನ್ ಎಂಬಲ್ಲಿ ಕಾಲೋ ತಂದೆಯದು, ಕಾಲ್ಡೆರೋನ್ ತಾಯಿಯದು. ದಾಖಲೆಗಳಲ್ಲಿ ಮಹಿಳೆಯರು ಮದುವೆಯ ನಂತರವೂ ತಮ್ಮ ತವರಿನ ಹೆಸರನ್ನು ಉಳಿಸಿಕೊಳ್ಳುವುದರಿಂದ ಅಜ್ಜಿಯ ತವರುಮನೆಯ ಎಳೆ ಕಡಿಯುವುದಿಲ್ಲ. ಗಡಿ ದಾಟಿ ಅಮೆರಿಕಕ್ಕೆ ಹೋದಾಗ ಮಾತ್ರ ಈ ಅನುಕೂಲ ಎಷ್ಟೋ ಬಾರಿ ಕೈತಪ್ಪುತ್ತದೆ. ಅಲ್ಲಿ ತಾಯಿಯ ಹೆಸರು ಬಿಟ್ಟುಹೋಗುತ್ತದೆ, ಪತ್ನಿಗೆ ಪತಿಯ ಹೆಸರು ಅಂಟಿಕೊಳ್ಳುತ್ತದೆ.

ಸರ್ಕಾರದ ದಾಖಲೆ, ಚರ್ಚಿನ ದಾಖಲೆ

ಮೆಕ್ಸಿಕೋದಲ್ಲಿ ಜನನ, ವಿವಾಹ, ಮರಣಗಳ ನೋಂದಣಿಯನ್ನು ಚರ್ಚಿನ ಕೈಯಿಂದ ಸರ್ಕಾರದ ಕೈಗೆ ತಂದ ಪ್ರಮುಖ ಕಾನೂನನ್ನು 1859ರ ಜುಲೈನಲ್ಲಿ ಬೆನಿಟೊ ಹ್ವಾರೆಸ್ ಜಾರಿಗೊಳಿಸಿದರು. ಮಗುವನ್ನು ಅಧಿಕಾರಿಯ ಮುಂದೆ ಹಾಜರುಪಡಿಸಿ ಹೇಳಿಕೆ ಕೊಡಬೇಕಿತ್ತು; ಮಗುವನ್ನು ಜೀವಂತವಾಗಿ ತೋರಿಸಲಾಯಿತು ಎಂಬ ಮಾತು ಹಳೆಯ ಜನನ ದಾಖಲೆಗಳಲ್ಲಿ ಪದೇ ಪದೇ ಕಾಣುತ್ತದೆ. ತಂದೆತಾಯಿಯರ ಜೊತೆಗೆ ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರುಗಳೂ ಅನೇಕ ದಾಖಲೆಗಳಲ್ಲಿರುತ್ತವೆ. ಅಂದರೆ ಒಂದೇ ಹಾಳೆಯಲ್ಲಿ ಮೂರು ತಲೆಮಾರು! ಆದರೆ ಚರ್ಚಿನ ವಿರೋಧ ಮತ್ತು ಜನರ ಹಿಂಜರಿಕೆಯಿಂದಾಗಿ ಆರಂಭದ ದಶಕಗಳಲ್ಲಿ ಅನೇಕರು ನೋಂದಣಿ ಮಾಡಿಸಲಿಲ್ಲ. ಆದ್ದರಿಂದ ಆ ಕಾಲಕ್ಕೆ ಎರಡೂ ಬಗೆಯ ಪುಸ್ತಕಗಳನ್ನು ನೋಡುವುದು ಅನಿವಾರ್ಯ.

1859ಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಚರ್ಚಿನ ಪುಸ್ತಕಗಳೇ ಮುಖ್ಯ ಆಧಾರ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1563ರಲ್ಲಿ ಮುಕ್ತಾಯವಾದಾಗ ದೀಕ್ಷಾಸ್ನಾನ ಮತ್ತು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡುವುದು ಪಾದ್ರಿಗಳ ಕರ್ತವ್ಯವಾಗಿ ಗಟ್ಟಿಗೊಂಡಿತ್ತು. ಹೀಗಾಗಿ ಅದೃಷ್ಟವಿದ್ದ ಕುಟುಂಬಗಳ ಎಳೆ ಹದಿನೇಳನೆಯ, ಕೆಲವೊಮ್ಮೆ ಹದಿನಾರನೆಯ ಶತಮಾನದವರೆಗೂ ಹೋಗುತ್ತದೆ.

ಈ ಪೈಕಿ ಅತ್ಯಂತ ಬೆಲೆಯುಳ್ಳದ್ದು ವಿವಾಹಪೂರ್ವ ವಿಚಾರಣೆಯ ಕಡತ. ವಧೂವರರ ವಯಸ್ಸು, ಊರು, ಹೆತ್ತವರು, ಸಾಕ್ಷಿಗಳ ಹೇಳಿಕೆ ಎಲ್ಲವೂ ಅದರಲ್ಲಿರುತ್ತವೆ. ವಧೂವರರು ರಕ್ತಸಂಬಂಧಿಗಳಾಗಿದ್ದರೆ ಚರ್ಚಿನ ವಿಶೇಷ ಅನುಮತಿ ಬೇಕಿತ್ತು. 1917ರ ತನಕ ನಾಲ್ಕನೆಯ ಹಂತದ ದಾಯಾದಿತನಕ್ಕೂ ಈ ನಿಯಮ ಅನ್ವಯಿಸುತ್ತಿತ್ತು. ಅರ್ಜಿಯ ಜೊತೆ ಇಬ್ಬರಿಗೂ ಸಮಾನನಾದ ಪೂರ್ವಜನಿಂದ ಹಿಡಿದು ವಧೂವರರವರೆಗಿನ ಸಂಬಂಧವನ್ನು ಪಾದ್ರಿಯೇ ಬಿಡಿಸಿ ತೋರಿಸುತ್ತಿದ್ದರು. ಊರು ಚಿಕ್ಕದು, ಸಂಬಂಧಿಕರಲ್ಲದ ವರ ಸಿಗುವುದಿಲ್ಲ ಎಂಬುದು ಅರ್ಜಿದಾರರು ಕೊಡುತ್ತಿದ್ದ ಸಾಮಾನ್ಯ ಕಾರಣ. ಮದುವೆಗೆ ಅಡ್ಡಿಯಾದ ನಿಯಮವೇ ಇಂದು ಸಂಶೋಧಕನಿಗೆ ಸಿದ್ಧ ವಂಶವೃಕ್ಷವನ್ನು ಒದಗಿಸುತ್ತಿದೆ ಎಂಬುದು ಕುತೂಹಲಕರ.

ಅರ್ಧ ಹೆಸರು, ವಿಚಿತ್ರ ಕಾಗುಣಿತ

ಹಳೆಯ ಪುಸ್ತಕಗಳನ್ನು ಓದುವುದು ಸುಲಭವಲ್ಲ. ಹೆಸರುಗಳನ್ನು ಸಂಕ್ಷೇಪಿಸಿ ಬರೆಯುವುದು ರೂಢಿಯಾಗಿತ್ತು. ಸ್ಪ್ಯಾನಿಷಿನಲ್ಲಿ 'ಬ' ಮತ್ತು 'ವ' ಅಕ್ಷರಗಳ ಉಚ್ಚಾರ ಒಂದೇ ಆದುದರಿಂದ ಬರಹದಲ್ಲಿ ಅವು ಅದಲುಬದಲಾಗುತ್ತಿದ್ದವು. ಎರ್ನಾಂದೆಸ್ ಎಂಬ ಹೆಸರಿನ ಮೊದಲಲ್ಲಿರುವ ಉಚ್ಚಾರವಿಲ್ಲದ ಅಕ್ಷರ ಒಂದು ಕಡೆ ಇದ್ದರೆ ಮತ್ತೊಂದು ಕಡೆ ಇಲ್ಲ. ಗಣಕಯಂತ್ರದ ಸೂಚಿಯಲ್ಲಿ ಹೆಸರು ಸಿಗಲಿಲ್ಲವೆಂದರೆ ವ್ಯಕ್ತಿ ಇರಲಿಲ್ಲವೆಂದಲ್ಲ; ಪುಟ ಪುಟವನ್ನೂ ಕಣ್ಣಾರೆ ನೋಡಬೇಕಾದೀತು.

ಮೂಲನಿವಾಸಿ ಕುಟುಂಬಗಳದು ಇನ್ನೂ ಕಷ್ಟದ ಹಾದಿ. ವಸಾಹತು ಕಾಲದಲ್ಲಿ ಅವರಲ್ಲಿ ಅನೇಕರಿಗೆ ಮನೆತನದ ಹೆಸರೇ ಇರಲಿಲ್ಲ. ಹುವಾನ್ ದಿಯೆಗೊ ಎಂಬಂತೆ ಎರಡು ಸಂತರ ಹೆಸರು ಸೇರಿಸಿ ಕರೆಯುತ್ತಿದ್ದರು. ತಂದೆಯ ಹೆಸರಿಗೂ ಮಗನ ಹೆಸರಿಗೂ ಸಂಬಂಧವೇ ಇಲ್ಲದಿರುವಾಗ ಊರು, ಸಂಗಾತಿಯ ಹೆಸರು, ದೀಕ್ಷೆಯ ವೇಳೆ ಧರ್ಮಪಿತೃ, ಧರ್ಮಮಾತೆಯರಾಗಿ ನಿಂತವರ ಹೆಸರು ಇವನ್ನು ಜೋಡಿಸಿಯೇ ಗುರುತು ಹಿಡಿಯಬೇಕು.

ಹೆಸರು ಒಂದೇ, ವ್ಯಕ್ತಿ ಬೇರೆ ಎಂಬುದು ಇನ್ನೊಂದು ಬಲೆ. ಒಂದೇ ಊರಿನಲ್ಲಿ, ಒಂದೇ ದಶಕದಲ್ಲಿ, ಒಂದೇ ಹೆಸರಿನ ಮೂವರು ಇರಬಹುದು. ಬಾಲ್ಯದಲ್ಲಿ ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವ ಪದ್ಧತಿಯೂ ಇತ್ತು. ಆದ್ದರಿಂದ ಒಂದು ದಾಖಲೆ ಸಿಕ್ಕಿತೆಂದು ಸಂತೋಷಪಡದೆ, ಮದುವೆ, ಮರಣ, ಒಡಹುಟ್ಟಿದವರ ದೀಕ್ಷೆ ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಅಗತ್ಯ.

ಸುಟ್ಟುಹೋದದ್ದು, ಉಳಿದುಬಂದದ್ದು

1926ರಿಂದ 1929ರವರೆಗೆ ಸರ್ಕಾರ ಮತ್ತು ಕ್ಯಾಥೊಲಿಕ್ ಬಂಡುಕೋರರ ನಡುವೆ ನಡೆದ ಕ್ರಿಸ್ಟೆರೊ ಯುದ್ಧದಲ್ಲಿ ಹಾಲಿಸ್ಕೊದ ಲೋಸ್ ಆಲ್ಟೋಸ್ ಎಂಬ ಎತ್ತರದ ಪ್ರದೇಶ ಪ್ರಮುಖ ಕಣವಾಗಿತ್ತು. 1926ರ ಜುಲೈ 31ರಂದು ದೇಶಾದ್ಯಂತ ಸಾರ್ವಜನಿಕ ಪೂಜೆ ನಿಂತಿತು. ದೀಕ್ಷೆ, ಮದುವೆಗಳು ಮನೆಗಳಲ್ಲಿ ಗುಟ್ಟಾಗಿ ನಡೆದವು. ಅದಕ್ಕೆ ಮೊದಲಿನ ಕ್ರಾಂತಿಯ ವರ್ಷಗಳಲ್ಲಿಯೂ ಅನೇಕ ಊರುಗಳ ದಾಖಲೆಗಳು ನಾಶವಾಗಿದ್ದವು. ಈ ಕಾಲದ ಕೊಂಡಿ ಸಿಗದಿದ್ದರೆ 1930ರ ಜನಗಣತಿಯ ಹಾಳೆಗಳು ನೆರವಿಗೆ ಬರುತ್ತವೆ. ಮನೆಯಲ್ಲಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸಿನ ಜೊತೆಗೆ ಮದುವೆ ಸರ್ಕಾರಿ ರೀತಿಯದೋ, ಚರ್ಚಿನದೋ ಎಂಬುದನ್ನೂ ಅದರಲ್ಲಿ ಬರೆಯಲಾಗಿದೆ. ಉತ್ತರಕ್ಕೆ ವಲಸೆ ಹೋದವರ ವಿವರ ಅಮೆರಿಕದ ಗಡಿ ಠಾಣೆಗಳ ಕಾರ್ಡುಗಳಲ್ಲಿ ಸಿಗಬಹುದು.

ಉಳಿದ ಪುಸ್ತಕಗಳನ್ನು ಕಾಪಾಡಿದ್ದು ಬಹುಮಟ್ಟಿಗೆ ಮೈಕ್ರೋಫಿಲ್ಮ್. ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಚರ್ಚಿಗೆ ಸೇರಿದ ವಂಶಾವಳಿ ಸಂಸ್ಥೆ 1950ರ ದಶಕದಿಂದ ಮೆಕ್ಸಿಕೋದ ಪುಸ್ತಕಗಳನ್ನು ಚಿತ್ರೀಕರಿಸತೊಡಗಿತು. ಗತಿಸಿದ ಪೂರ್ವಜರ ಪರವಾಗಿ ಧಾರ್ಮಿಕ ವಿಧಿ ನೆರವೇರಿಸುವ ನಂಬಿಕೆ ಈ ಶ್ರಮದ ಹಿಂದಿದೆ. ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶ ಬರೆದಿಟ್ಟ ಬಹಿಗಳನ್ನೂ ಚಿತ್ರೀಕರಿಸಿದ್ದು ಇದೇ ಸಂಸ್ಥೆ ಎಂಬುದನ್ನು ಇಲ್ಲಿ ನೆನೆಯಬಹುದು. 2017ರಲ್ಲಿ ಅದು ಮೈಕ್ರೋಫಿಲ್ಮ್ ಸುರುಳಿಗಳ ಎರವಲು ವ್ಯವಸ್ಥೆಯನ್ನು ನಿಲ್ಲಿಸಿತು, 2021ರಲ್ಲಿ ತನ್ನ ಸುರುಳಿಗಳ ಡಿಜಿಟಲೀಕರಣ ಮುಗಿಸಿತು. ಇಂದು 'ಫ್ಯಾಮಿಲಿಸರ್ಚ್' ತಾಣದಲ್ಲಿ ಮೆಕ್ಸಿಕೋದ ಅಪಾರ ಪುಟಗಳನ್ನು ಶುಲ್ಕವಿಲ್ಲದೆ ನೋಡಬಹುದು. ಭೂವಿವಾದ, ಧಾರ್ಮಿಕ ವಿಚಾರಣೆಗಳಂಥ ವಸಾಹತು ಕಾಲದ ಕಡತಗಳಿಗೆ ಮಾತ್ರ ಮೆಕ್ಸಿಕೋ ನಗರದ ರಾಷ್ಟ್ರೀಯ ಪತ್ರಾಗಾರದ ಮೊರೆಹೋಗಬೇಕು. ಆ ಪತ್ರಾಗಾರ ಇರುವುದು ಒಂದು ಕಾಲದ ಕುಖ್ಯಾತ ಲೆಕುಂಬೆರಿ ಸೆರೆಮನೆಯ ಕಟ್ಟಡದಲ್ಲಿ!

ಬರೆಯುವುದೋ, ಮುಚ್ಚಿಡುವುದೋ?

ಇಷ್ಟೆಲ್ಲ ಹುಡುಕಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. 'ನಮ್ಮವರು ಸ್ಪೇನಿನಿಂದ ಬಂದ ಕುಲೀನರು' ಎಂಬ ನಂಬಿಕೆ ಮೆಕ್ಸಿಕೋದ ಎಷ್ಟೋ ಮನೆಗಳಲ್ಲಿದೆ. ದಾಖಲೆ ಬೇರೆಯದನ್ನೇ ಹೇಳಬಹುದು.

ವಸಾಹತು ಕಾಲದ ಅನೇಕ ಚರ್ಚುಗಳು ಸ್ಪೇನಿನವರಿಗೆ, ಮೂಲನಿವಾಸಿಗಳಿಗೆ, ಮಿಶ್ರ ಮೂಲದವರಿಗೆ ಪ್ರತ್ಯೇಕ ಪುಸ್ತಕಗಳನ್ನು ಇಡುತ್ತಿದ್ದವು. ಹೆಸರಿನ ಮುಂದೆ 'ಮೆಸ್ತೀಸೊ', 'ಮುಲಾಟೊ' ಎಂಬ ಗುರುತುಗಳಿದ್ದವು. ಗುಲಾಮರಾಗಿದ್ದರೆ ಒಡೆಯನ ಹೆಸರೂ ಇರುತ್ತಿತ್ತು. ಸ್ವಾತಂತ್ರ್ಯದ ಮರುವರ್ಷ, ಅಂದರೆ 1822ರಲ್ಲಿ, ಮೂಲವನ್ನು ಹೀಗೆ ನಮೂದಿಸುವುದನ್ನು ನಿಷೇಧಿಸಲಾಯಿತು. 1829ರಲ್ಲಿ ಅಧ್ಯಕ್ಷ ವಿಸೆಂಟೆ ಗೆರೆರೊ ಗುಲಾಮಗಿರಿಯನ್ನೇ ರದ್ದುಗೊಳಿಸಿದರು. ಅವರೂ ಆಫ್ರಿಕಾ ಮೂಲದ ಪೂರ್ವಜರನ್ನು ಹೊಂದಿದ್ದವರು. ಗುರುತು ಅಳಿದಂತೆ ನೆನಪೂ ಅಳಿಯಿತು. ಇನ್ನೂರು ವರ್ಷಗಳ ನಂತರ ತಮ್ಮ ವಂಶದಲ್ಲಿ ಗುಲಾಮಳಾಗಿದ್ದ ಅಜ್ಜಿಯೊಬ್ಬಳಿದ್ದಳೆಂಬುದು ಪುಸ್ತಕದ ಪುಟದಿಂದ ತಿಳಿದಾಗ ಕುಟುಂಬದಲ್ಲಿ ಎಲ್ಲರೂ ಅದನ್ನು ಒಂದೇ ರೀತಿ ಸ್ವೀಕರಿಸುವುದಿಲ್ಲ. 2020ರ ಜನಗಣತಿಯಲ್ಲಿ ಸುಮಾರು 25 ಲಕ್ಷ ಮೆಕ್ಸಿಕನ್ನರು ತಮ್ಮನ್ನು ಆಫ್ರಿಕಾ ಮೂಲದವರೆಂದು ಹೇಳಿಕೊಂಡಿರುವುದು ಇಲ್ಲಿ ಗಮನಾರ್ಹ.

ಆದರೆ ಆ ಗುರುತೂ ಪಾದ್ರಿಯ ಅಂದಾಜಿನ ಮಾತೇ ಹೊರತು ಅಂತಿಮ ಸತ್ಯವಲ್ಲ. ಒಬ್ಬನೇ ವ್ಯಕ್ತಿ ದೀಕ್ಷೆಯ ಪುಸ್ತಕದಲ್ಲಿ ಒಂದು, ಮದುವೆಯ ಪುಸ್ತಕದಲ್ಲಿ ಇನ್ನೊಂದು ಎಂದು ದಾಖಲಾಗಿರುವುದುಂಟು. ಆಸ್ತಿ, ಸ್ಥಾನಮಾನ ಬದಲಾದಂತೆ ಗುರುತೂ ಬದಲಾಗುತ್ತಿತ್ತು.

ಇದೇ ಬಗೆಯ ಇನ್ನೊಂದು ಸೂಕ್ಷ್ಮ ಸಂಗತಿ ತಂದೆಯ ಹೆಸರಿಲ್ಲದ ಮಕ್ಕಳದು. ಮದುವೆಯಿಲ್ಲದೆ ಹುಟ್ಟಿದ ಮಗುವನ್ನು 'ಸಹಜ ಸಂತಾನ' ಎಂದೂ ಬಾಗಿಲಲ್ಲಿ ಬಿಟ್ಟುಹೋದ ಮಗುವನ್ನು 'ತಂದೆತಾಯಿ ತಿಳಿಯದು' ಎಂದೂ ಬರೆಯುತ್ತಿದ್ದರು. ದೊಡ್ಡ ಪ್ರಕಾಶನ ಸಂಸ್ಥೆಯಾದರೆ ಸಂಪಾದಕರು, ವಕೀಲರು ಇರುತ್ತಾರೆ. ತಾನೇ ಬರೆದು ತಾನೇ ಅಚ್ಚು ಹಾಕಿಸುವವನಿಗೆ ತಡೆಯುವವರೂ ಇಲ್ಲ, ತಿದ್ದುವವರೂ ಇಲ್ಲ. ಬದುಕಿರುವವರ ಜನ್ಮದಿನಾಂಕ, ವಿಳಾಸ, ಖಾಸಗಿ ಸಂಗತಿಗಳನ್ನು ಕೈಬಿಡುವುದು, ಗತಿಸಿದವರ ವಿಷಯದಲ್ಲಿ ದಾಖಲೆಯನ್ನು ಇದ್ದಂತೆಯೇ ಕೊಡುವುದು ನ್ಯಾಯವಾದ ದಾರಿ. ಅಜ್ಜಿ ಹೇಳಿದ ಕಥೆಯನ್ನು ಬಿಸಾಡಬೇಕಿಲ್ಲ. ಅದು ಅಜ್ಜಿ ಹೇಳಿದ ಕಥೆ ಎಂದು ತಿಳಿಸಿ, ದಾಖಲೆ ಹೇಳುವುದನ್ನು ಪಕ್ಕದಲ್ಲಿಟ್ಟರೆ ಸಾಕು.

ಪುಸ್ತಕವಾಗುವ ಬಗೆ

ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಹಂತದಲ್ಲಿಯೇ 1,024 ಪೂರ್ವಜರ ಸ್ಥಾನಗಳಿರುತ್ತವೆ. ದಾಯಾದಿಗಳಲ್ಲಿಯೇ ಮದುವೆಗಳು ನಡೆದಿದ್ದರೆ ಒಬ್ಬನೇ ಪೂರ್ವಜ ಎರಡು ಮೂರು ಸ್ಥಾನಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಗೊಂದಲ ತಪ್ಪಿಸಲು ಸಂಖ್ಯಾಕ್ರಮವೊಂದಿದೆ. ಆರಂಭದ ವ್ಯಕ್ತಿ 1, ತಂದೆ 2, ತಾಯಿ 3; ಯಾರದೇ ಸಂಖ್ಯೆಯನ್ನು ದ್ವಿಗುಣಗೊಳಿಸಿದರೆ ಅವರ ತಂದೆ, ಅದಕ್ಕೆ ಒಂದು ಸೇರಿಸಿದರೆ ತಾಯಿ.

ಹಿಂದೆ ಸ್ವಂತ ಪುಸ್ತಕವೆಂದರೆ ನೂರಾರು ಪ್ರತಿಗಳಿಗೆ ಮುಂಗಡ ಹಣ ಕೊಟ್ಟು, ಉಳಿದವನ್ನು ಮಂಚದ ಕೆಳಗೆ ತುಂಬಿಡಬೇಕಿತ್ತು. ಈಗ ಲುಲು, ಅಮೆಜಾನ್‌ನಂಥ ಸಂಸ್ಥೆಗಳ ಮೂಲಕ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಸಬಹುದು. ಮೆಕ್ಸಿಕೋದಲ್ಲಿ ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆಯನ್ನು ಅಲ್ಲಿನ ರಾಷ್ಟ್ರೀಯ ಹಕ್ಕುಸ್ವಾಮ್ಯ ಸಂಸ್ಥೆ ನೀಡುತ್ತದೆ. ಅಮೆರಿಕದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಸ್ಪ್ಯಾನಿಷ್ ಬಾರದೆ ಇರಬಹುದಾದ್ದರಿಂದ ಎರಡೂ ಭಾಷೆಗಳಲ್ಲಿ ಬರೆಯುವುದು ಒಳ್ಳೆಯದು. ಪ್ರತಿ ಹೇಳಿಕೆಯ ಅಡಿಯಲ್ಲಿ ಯಾವ ಚರ್ಚು, ಯಾವ ಪುಸ್ತಕ, ಯಾವ ಹಾಳೆ ಎಂಬ ಟಿಪ್ಪಣಿ, ಕೊನೆಯಲ್ಲಿ ಹೆಸರುಗಳ ಸೂಚಿ ಇಲ್ಲದ ವಂಶಾವಳಿಯನ್ನು ಬೇರೆಯವರು ಬಳಸುವುದು ಕಷ್ಟ.

ಈ ಶಿಸ್ತು ಏಕೆಂದರೆ, ಅಚ್ಚಾದದ್ದನ್ನು ಜನ ನಂಬುತ್ತಾರೆ. ಐವತ್ತೇ ಪ್ರತಿಗಳ ಪುಸ್ತಕದಲ್ಲಿನ ಒಂದು ಊಹೆಯನ್ನು ದೂರದ ಬಂಧುವೊಬ್ಬ ನಕಲು ಮಾಡುತ್ತಾನೆ, ಅವನಿಂದ ಇನ್ನೊಬ್ಬ. ಹತ್ತು ವರ್ಷಗಳಲ್ಲಿ ಅದು ಪ್ರಶ್ನಿಸಲಾಗದ ಸತ್ಯವಾಗುತ್ತದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಬರೆದು ಜಾಗ ಖಾಲಿ ಬಿಡುವುದೇ ಲೇಸು. ಒಂದು ಪ್ರತಿಯನ್ನು ಪೂರ್ವಜರ ಊರಿನ ಗ್ರಂಥಾಲಯಕ್ಕೆ ಕಳುಹಿಸಿದರೆ ಆ ಖಾಲಿ ಜಾಗವನ್ನು ತುಂಬಬಲ್ಲವರು ಅಲ್ಲಿಯೇ ಸಿಕ್ಕರೂ ಸಿಗಬಹುದು.