ಪಾರ್ಶ್ವವಾಯುವೂ ಕಿಣ್ವಗಳ ಕಾರ್ಯವೂ

ಜನರು ಲಕ್ವ ಎಂದು ಕರೆಯುವ ಬೇನೆಯನ್ನು ಆಯುರ್ವೇದವು ಪಕ್ಷಾಘಾತವೆಂದು ಹೆಸರಿಸಿ ವಾತವ್ಯಾಧಿಗಳ ಸಾಲಿನಲ್ಲಿ ಇರಿಸಿದೆ. ಸೋಲುವುದು ಕೈಕಾಲಾದರೂ ಕೆಟ್ಟಿರುವುದು ಮೆದುಳು ಎಂಬುದು ಇಂದಿನ ವೈದ್ಯಶಾಸ್ತ್ರದ ನಿರ್ಣಯ. ಮೆದುಳಿನ ರಕ್ತನಾಳ ಒಡೆದು ಈ ರೋಗ ಬರುವುದುಂಟು. ಹೆಚ್ಚಾಗಿ ಬರುವುದು ನಾಳದಲ್ಲಿ ರಕ್ತದ ಹೆಪ್ಪು ಸಿಲುಕಿದಾಗ. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಸುಮಾರು 2. ದೇಹವು ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ ಸುಮಾರು 20. ಇಂಥ ಅಂಗದ ದೊಡ್ಡ ನಾಳವೊಂದು ಮುಚ್ಚಿದರೆ ನಿಮಿಷಕ್ಕೆ 19 ಲಕ್ಷ ನರಕೋಶಗಳು ಅಳಿಯುವುವೆಂದು 2006ರಲ್ಲಿ ಲೆಕ್ಕ ಹಾಕಲಾಯಿತು.

ಇಷ್ಟಕ್ಕೇ ಹಾನಿ ಮುಗಿಯದು. ಮೊದಲ ಪೆಟ್ಟು ಹೆಪ್ಪಿನದಾದರೆ ಎರಡನೆಯದು ದೇಹದ ಸ್ವಂತ ಕಾವಲುಪಡೆಯದು. ಮೆದುಳಿನೊಳಗೆ ಸದಾ ಕಾವಲಿರುವ ಮೈಕ್ರೋಗ್ಲಿಯಾ ಕೋಶಗಳನ್ನು ಸ್ಪೇನಿನ ಪಿಯೋ ಡೆಲ್ ರಿಯೋ ಒರ್ತೆಗಾ 1919ರಲ್ಲಿ ಪ್ರತ್ಯೇಕವಾಗಿ ಗುರುತಿಸಿದನು. ಸಾಯುವ ನರಕೋಶಗಳು ಹೊರಚೆಲ್ಲಿದ ದ್ರವ್ಯಗಳಿಂದ ಎಚ್ಚೆತ್ತು ಇವು ರಾಸಾಯನಿಕ ಕರೆ ಕಳುಹುತ್ತವೆ. ಕರೆಗೆ ಓಗೊಟ್ಟು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ನಾಳದ ಗೋಡೆಗೆ ಅಂಟಿ, ಅದನ್ನು ಹಾಯ್ದು ಒಳನುಗ್ಗುತ್ತವೆ. ಅಲ್ಲಿ ಕೊಲ್ಲಬೇಕಾದ ರೋಗಾಣುವೇ ಇಲ್ಲ; ಆದರೂ ಅಸ್ತ್ರಪ್ರಯೋಗ ನಡೆದೇ ನಡೆಯುತ್ತದೆ.

ಕೋಶದ ಹೊರಮೈಗೆ ತಟ್ಟಿದ ಕರೆಯನ್ನು ಒಳಕ್ಕೆ ಮುಟ್ಟಿಸುವ ಕೆಲಸ ಕಿಣ್ವಗಳದು. ಕಿಣ್ವವೆಂದರೆ ಸಂಸ್ಕೃತದಲ್ಲಿ ಮದ್ಯವನ್ನು ಹುಳಿಸುವ ಮೂಲದ್ರವ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಪದವಿದೆ. ಗ್ರೀಕ್ ಮೂಲದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ‘ಎನ್ಜೈಮ್’ ಶಬ್ದಕ್ಕೂ ‘ಹುಳಿಯೊಳಗಿರುವುದು’ ಎಂದೇ ಅರ್ಥ. ಪಾರಿಭಾಷಿಕ ಪದಗಳು ಇಷ್ಟು ಸಹಜವಾಗಿ ಹೊಂದುವುದು ಅಪರೂಪ.

ಇಲ್ಲಿ ಪ್ರಸ್ತುತವಾದ ಕಿಣ್ವ ಫಾಸ್ಫೋಇನೊಸಿಟೈಡ್ 3-ಕೈನೇಸ್ ಗಾಮಾ. ಇದು ಬಹುಮಟ್ಟಿಗೆ ಬಿಳಿಯ ರಕ್ತಕಣಗಳಲ್ಲಿ ಇರುವಂಥದು. ಕರೆ ತಟ್ಟಿದೊಡನೆ ಇದು ಕೋಶಪೊರೆಯ ಒಳಮೈಯಲ್ಲಿರುವ ಕೊಬ್ಬಿನ ಅಣುವಿಗೆ ಫಾಸ್ಫೇಟನ್ನು ಜೋಡಿಸುತ್ತದೆ. ಆ ಗುರುತನ್ನು ಹಿಡಿದು ಬೇರೆ ಪ್ರೋಟೀನುಗಳು ಅಲ್ಲಿ ನೆರೆಯುತ್ತವೆ. ಕಣವು ಕರೆ ಬಂದ ದಿಕ್ಕಿಗೆ ತೆವಳುತ್ತದೆ. ಒಳಹೊಕ್ಕ ಕಣಗಳು ಸೂಸುವ ಮತ್ತೊಂದು ಕಿಣ್ವ, ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್-9, ಸೂಕ್ಷ್ಮನಾಳಗಳ ಸುತ್ತಣ ಆಧಾರಪದರವನ್ನು ಕರಗಿಸುತ್ತದೆ. ರಕ್ತಕ್ಕೂ ಮೆದುಳಿಗೂ ನಡುವಿನ ತಡೆ ಸಡಿಲಿ, ನೀರು ಸೋರಿ, ಮೆದುಳು ಊದಿಕೊಳ್ಳುತ್ತದೆ. ತಲೆಬುರುಡೆಯಾದರೋ ಹಿಗ್ಗದು, ಬದುಕುಳಿದ ಭಾಗವೂ ಒತ್ತಡಕ್ಕೆ ಸಿಲುಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಹಾಗಾದರೆ ಬಿಳಿಯ ಕಣಗಳನ್ನೇ ತಡೆಯಬಾರದೇಕೆ? ಆ ಪ್ರಯತ್ನವೂ ನಡೆದಿದೆ. ಅವು ನಾಳದ ಗೋಡೆಗೆ ಅಂಟದಂತೆ ಮಾಡುವ ಎನ್ಲಿಮೊಮ್ಯಾಬ್ ಎಂಬ ಔಷಧವನ್ನು 625 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆದವರಲ್ಲಿಯೇ ಸಾವು ಹೆಚ್ಚು. ಇಲಿಯ ಮೂಲದ ಆ ಪ್ರತಿಕಾಯವು ತಾನೇ ರಕ್ಷಣಾಪಡೆಯನ್ನು ಕೆರಳಿಸಿರಬೇಕೆಂದು ತಜ್ಞರು ತರ್ಕಿಸಿದ್ದಾರೆ. ಮೇಲಾಗಿ ಸತ್ತ ಕೋಶಗಳನ್ನು ಗುಡಿಸಿ ತೆಗೆಯುವವರೂ ಇದೇ ಪಡೆಯವರು. ಪಡೆಯನ್ನೇ ಚದುರಿಸಿದರೆ ಗಾಯ ಮಾಯುವುದೆಂತು? ಕಾವಲುಗಾರನನ್ನು ಅಟ್ಟದೆ, ಅವನಿಗೆ ಮುಟ್ಟುವ ಆಜ್ಞೆಯ ಬಿರುಸನ್ನು ತಗ್ಗಿಸುವ ದಾರಿಯೇ ಯುಕ್ತವಾಗಿ ತೋರುತ್ತದೆ. ಗಾಮಾ ಕಿಣ್ವವಿಲ್ಲದೆ ಹುಟ್ಟಿದ ಇಲಿಗಳಲ್ಲಿ ಮೆದುಳಿನ ನಾಳವನ್ನು ಮುಚ್ಚಿ ತೆರೆದಾಗ ಆ ತಡೆಗೆ ಆಗುವ ಹಾನಿ ಕಡಿಮೆಯೆಂದು ಅಮೆರಿಕದ ಸಂಶೋಧಕರು 2011ರಲ್ಲಿ ತೋರಿಸಿದರು.

ರೋಗಿಗಳಿಗೆ ಇಂದು ದೊರೆಯುವುದು ಹೆಪ್ಪನ್ನು ಕರಗಿಸುವ ಔಷಧ, ಕೆಲವರಿಗೆ ನಾಳದೊಳಗಿಂದಲೇ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆ. ಔಷಧದ ಗಡುವು 1995ರ ಪರೀಕ್ಷೆಯಲ್ಲಿ 3 ಗಂಟೆಯಿದ್ದುದು 2008ರಲ್ಲಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೆರೆದ ನಾಳದಲ್ಲಿ ಆಮ್ಲಜನಕದೊಡನೆ ಬಿಳಿಯ ಕಣಗಳೂ ಹರಿದುಬರುತ್ತವೆ; ಕಿಣ್ವವನ್ನು ತಗ್ಗಿಸುವ ಮದ್ದನ್ನೂ ಜೊತೆಗೆ ಕೊಡಬೇಕೆಂಬ ಆಲೋಚನೆ ಹುಟ್ಟಿರುವುದು ಇದರಿಂದಲೇ. ಆದರೆ ಅದು ಪಾರ್ಶ್ವವಾಯುವಿನ ರೋಗಿಗಳ ಹಾಸಿಗೆಯ ಬಳಿಗೆ ಇನ್ನೂ ಬಂದಿಲ್ಲ.