ಕೋಗಿಲೆಯ ವಂಚನೆ, ಕಾಗೆಯ ಪಾಲನೆ

ಬೇಸಿಗೆ ಕಾಲಿಡುತ್ತಿದ್ದಂತೆ ಕೇಳಿಬರುವ 'ಕುಹೂ ಕುಹೂ' ದನಿ ಗಂಡು ಕೋಗಿಲೆಯದು. ಗಂಡಿನ ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣಿನ ಮೈ ಕಂದು, ಅದರ ಮೇಲೆ ಬಿಳಿಯ ಚುಕ್ಕೆ ಮತ್ತು ಪಟ್ಟೆಗಳು. ಈ ಹಕ್ಕಿ ಗೂಡು ಕಟ್ಟುವುದಿಲ್ಲ, ಕಾವು ಕೂರುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ನಮ್ಮ ಹಿರಿಯರು ಇದನ್ನು ಬಹು ಹಿಂದೆಯೇ ಗಮನಿಸಿದ್ದರು. ಸಂಸ್ಕೃತದಲ್ಲಿ ಕೋಗಿಲೆಗೆ 'ಪರಭೃತ', ಅಂದರೆ ಪರರಿಂದ ಸಾಕಲ್ಪಟ್ಟದ್ದು ಎಂದು ಹೆಸರು. ಕಾಗೆಗೆ 'ಪರಭೃತ್', ಅಂದರೆ ಪರರನ್ನು ಸಾಕುವುದು ಎಂದು ಹೆಸರು. ಕನ್ನಡದ 'ಪರಪುಟ್ಟ' ಕೂಡ ಕೋಗಿಲೆಯೇ.

ಇದನ್ನು ಪಾಠ ಮಾಡುವಾಗ 'ಕೋಗಿಲೆ ಸೋಮಾರಿ, ಕಾಗೆ ಮೂರ್ಖ' ಎಂದು ಹೇಳಿ ಮುಂದೆ ಸಾಗುವುದು ರೂಢಿ. ಆದರೆ ಕಾಗೆ ಮೂರ್ಖ ಹಕ್ಕಿಯಲ್ಲ. ಹಕ್ಕಿಗಳಲ್ಲೇ ಅತ್ಯಂತ ಬುದ್ಧಿವಂತ ಕುಟುಂಬಕ್ಕೆ ಸೇರಿದ್ದು. ಹಾಗಿದ್ದರೂ ಅದು ಮೋಸಹೋಗುವುದೇಕೆ? ತನ್ನ ಸಂತಾನಕ್ಕೆ ನೆರವಾಗುವ ಗುಣಗಳನ್ನು ನಿಸರ್ಗದ ಆಯ್ಕೆ ಉಳಿಸುತ್ತದೆ ಎನ್ನುವುದಾದರೆ, ಅನ್ಯರ ಮರಿಯನ್ನು ಸಾಕುವ ಗುಣ ಇಷ್ಟು ಕಾಲ ಹೇಗೆ ಉಳಿಯಿತು? ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಈ ಪ್ರಶ್ನೆಗೆ ಜೀವಿವಿಕಾಸ ಸಿದ್ಧಾಂತ ಉತ್ತರ ಕೊಡಲೇಬೇಕು.

ಗೂಡು ಕಟ್ಟುವ ಬಂಧುಗಳು

ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಟ್ಟು ಮರಿ ಬೆಳೆಸುವ ಕ್ರಮಕ್ಕೆ ಸಂತಾನ ಪರಾವಲಂಬನೆ ಎನ್ನುತ್ತಾರೆ. ಮೋಸಹೋಗುವ ಹಕ್ಕಿ ಆತಿಥೇಯ. ಪೂರ್ತಿಯಾಗಿ ಹೀಗೆಯೇ ಬದುಕುವ ಹಕ್ಕಿ ಪ್ರಭೇದಗಳು ಲೋಕದಲ್ಲಿ ಸುಮಾರು 100, ಅಂದರೆ ಒಟ್ಟು ಹಕ್ಕಿ ಪ್ರಭೇದಗಳ ಶೇಕಡಾ 1ರಷ್ಟು.

ಕೋಗಿಲೆಯ ಕುಟುಂಬದಲ್ಲೇ ಎಲ್ಲವೂ ಪರಾವಲಂಬಿಗಳಲ್ಲ. ನಮ್ಮ ಬೇಲಿಸಾಲಿನಲ್ಲಿ ಕಾಣುವ ಕೆಂಬೂತ ಇದೇ ಕುಟುಂಬದ್ದು. ಅದು ತಾನೇ ಗೂಡು ಕಟ್ಟಿ ಮರಿ ಸಾಕುತ್ತದೆ. ಉತ್ತರ ಅಮೆರಿಕದ ಹಳದಿ ಕೊಕ್ಕಿನ ಕುಕ್ಕೂ ಸ್ವಂತ ಗೂಡು ಕಟ್ಟುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ ಬೇರೆ ಹಕ್ಕಿಯ ಗೂಡಿನಲ್ಲೂ ಮೊಟ್ಟೆಯಿಡುತ್ತದೆ. ಪೂರ್ಣ ಪಾಲನೆಯಿಂದ ಪೂರ್ಣ ಪರಾವಲಂಬನೆಯವರೆಗಿನ ಮೆಟ್ಟಿಲುಗಳು ಇಂದಿಗೂ ನಮ್ಮ ಕಣ್ಣೆದುರಿಗಿವೆ. ಚಾರ್ಲ್ಸ್ ಡಾರ್ವಿನ್ 1859ರ ತನ್ನ 'ಪ್ರಭೇದಗಳ ಉಗಮ' ಗ್ರಂಥದಲ್ಲಿ ಸಹಜಪ್ರವೃತ್ತಿಗಳ ಬಗ್ಗೆ ಬರೆಯುವಾಗ ಕುಕ್ಕೂವಿನ ಉದಾಹರಣೆಯನ್ನು ಎತ್ತಿಕೊಂಡದ್ದು ಈ ಕಾರಣಕ್ಕೇ. ಎಂದಾದರೊಮ್ಮೆ ಪರರ ಗೂಡಿನಲ್ಲಿಟ್ಟ ಮೊಟ್ಟೆಯಿಂದ ಲಾಭವಾದರೆ, ಆ ಪ್ರವೃತ್ತಿ ತಲೆಮಾರಿನಿಂದ ತಲೆಮಾರಿಗೆ ಬಲಗೊಳ್ಳುತ್ತದೆ.

ಮೊಟ್ಟೆಗೂ ಮರೆವೇಷ

ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದು. ಆದರೂ ಹಸಿರು ಬೂದಿಯ ಹಿನ್ನೆಲೆ, ಅದರ ಮೇಲೆ ಕಂದು ಮಚ್ಚೆಗಳು, ನೋಟಕ್ಕೆ ಕಾಗೆಯ ಮೊಟ್ಟೆಯಂತೆಯೇ. ಮಳೆಗಾಲದ ಮುನ್ಸೂಚನೆ ಎಂದು ಹೆಸರಾದ ಚಾತಕ ಪಕ್ಷಿ ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಹರಟೆಮಲ್ಲನ ಮೊಟ್ಟೆ ನೀಲಿ, ಚಾತಕದ ಮೊಟ್ಟೆಯೂ ನೀಲಿ.

ಈ ಹೋಲಿಕೆಗೆ ಕಾರಣರಾದ 'ಆಯ್ಕೆದಾರರು' ಯಾರು? ಸ್ವತಃ ಆತಿಥೇಯ ಹಕ್ಕಿಗಳೇ. ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ವಿಕೆನ್ ಫೆನ್ ಎಂಬ ಜೌಗುಪ್ರದೇಶದಲ್ಲಿ ನಿಕ್ ಡೇವಿಸ್ ಮತ್ತು ಮೈಕೆಲ್ ಬ್ರೂಕ್ 1980ರ ದಶಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅಲ್ಲಿ ಜೊಂಡಿನ ನಡುವೆ ಗೂಡು ಕಟ್ಟುವ ರೀಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಯೇ ಕುಕ್ಕೂವಿನ ಆತಿಥೇಯ. ಇವರು ಬಣ್ಣ ಬಳಿದ ಕೃತಕ ಮೊಟ್ಟೆಗಳನ್ನು ಗೂಡುಗಳಲ್ಲಿಟ್ಟು ಕಾದರು. ತನ್ನ ಮೊಟ್ಟೆಯನ್ನು ಹೋಲದವುಗಳನ್ನು ವಾರ್ಬ್ಲರ್ ಹೆಚ್ಚಾಗಿ ಹೊರಹಾಕಿತು, ಹೋಲುವುದನ್ನು ಉಳಿಸಿಕೊಂಡಿತು. ಹೀಗೆ ತಲೆಮಾರುಗಟ್ಟಲೆ ನಡೆದರೆ ಹೋಲದ ಮೊಟ್ಟೆಯಿಡುವ ಕುಕ್ಕೂಗಳ ವಂಶ ಅಳಿಯುತ್ತದೆ, ಹೋಲುವ ಮೊಟ್ಟೆಯಿಡುವವುಗಳ ವಂಶ ಉಳಿಯುತ್ತದೆ. ಕುಕ್ಕೂ ಏನನ್ನೂ 'ಯೋಚಿಸಿ' ಅನುಕರಿಸಬೇಕಾಗಿಲ್ಲ. ಆತಿಥೇಯ ಹೆಚ್ಚು ಹೆಚ್ಚು ಸೂಕ್ಷ್ಮವಾದಂತೆ ವಂಚನೆಯೂ ಹೆಚ್ಚು ಹೆಚ್ಚು ನಾಜೂಕಾಗುತ್ತದೆ. ಇದೇ ಸಹವಿಕಾಸ.

ಈ ಪೈಪೋಟಿ ನಿಂತರೆ ಏನಾಗುತ್ತದೆ? ನಮ್ಮ ಗೀಜಗನ ಬಂಧುವಾದ ವಿಲೇಜ್ ವೀವರ್ ಎಂಬ ಆಫ್ರಿಕದ ಹಕ್ಕಿಯಲ್ಲಿ ಇದಕ್ಕೆ ಉತ್ತರವಿದೆ. ಆಫ್ರಿಕದಲ್ಲಿ ಡಿಡೆರಿಕ್ ಕುಕ್ಕೂ ಇದರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿ ಒಂದು ಹೆಣ್ಣಿನ ಮೊಟ್ಟೆಗಳೆಲ್ಲ ಒಂದೇ ತೆರ, ಆದರೆ ಒಂದು ಹೆಣ್ಣಿನ ಮೊಟ್ಟೆಗೂ ಇನ್ನೊಂದರ ಮೊಟ್ಟೆಗೂ ಬಹಳ ವ್ಯತ್ಯಾಸ. ಪ್ರತಿ ತಾಯಿಯೂ ತನ್ನ ಮೊಟ್ಟೆಗೆ ಸಹಿ ಹಾಕಿದಂತೆ! ನಕಲು ಮಾಡುವುದು ಕಷ್ಟ, ಪರಕೀಯ ಮೊಟ್ಟೆಯನ್ನು ಗುರುತಿಸುವುದು ಸುಲಭ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪಕ್ಕೆ ಈ ಹಕ್ಕಿಯನ್ನು 200 ವರ್ಷಗಳಿಗೂ ಹಿಂದೆ, ಹಿಂದೂ ಮಹಾಸಾಗರದ ಮಾರಿಷಸ್‌ಗೆ 100 ವರ್ಷಗಳಿಗೂ ಹಿಂದೆ ಮನುಷ್ಯರು ಒಯ್ದರು. ಅಲ್ಲಿ ಡಿಡೆರಿಕ್ ಕುಕ್ಕೂ ಇಲ್ಲ. 2005ರಲ್ಲಿ ಡೇವಿಡ್ ಲಾಹ್ಟಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಎರಡೂ ದ್ವೀಪಗಳಲ್ಲಿ 'ಸಹಿ' ಮಸುಕಾಗಿದೆ. ಒಂದೇ ಗೂಡಿನ ಮೊಟ್ಟೆಗಳ ನಡುವಣ ವ್ಯತ್ಯಾಸ ಹೆಚ್ಚಿದೆ, ಬೇರೆ ಬೇರೆ ತಾಯಂದಿರ ಮೊಟ್ಟೆಗಳ ನಡುವಣ ವ್ಯತ್ಯಾಸ ಕಡಿಮೆಯಾಗಿದೆ. ಕಳ್ಳನಿಲ್ಲದ ಊರಿನಲ್ಲಿ ಬೀಗ ಸಡಿಲವಾಯಿತು. ವಿಕಾಸ ಕಣ್ಣಿಗೆ ಕಾಣುವುದಿಲ್ಲ ಎನ್ನುವವರಿಗೆ ಇದು ಒಳ್ಳೆಯ ಉದಾಹರಣೆ.

ಅನುಮಾನಕ್ಕೂ ಬೆಲೆಯಿದೆ

ಹಾಗಾದರೆ ಎಲ್ಲ ಆತಿಥೇಯ ಹಕ್ಕಿಗಳೂ ಅನುಮಾನ ಬಂದ ಮೊಟ್ಟೆಯನ್ನೆಲ್ಲ ಹೊರಹಾಕಬಾರದೇಕೆ? ಒಂದು ಸರಳ ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಕಲ್ಪಿತ, ತರ್ಕ ಮಾತ್ರ ನಿಜವಾದದ್ದು.

ಒಂದು ಆತಿಥೇಯ ಪ್ರಭೇದದ 100 ಗೂಡುಗಳಿವೆ, ಪ್ರತಿ ಗೂಡಿನಲ್ಲಿ 4 ಮೊಟ್ಟೆ ಎಂದಿಟ್ಟುಕೊಳ್ಳಿ. ಕುಕ್ಕೂ ಬಂದ ಗೂಡಿನಲ್ಲಿ ಅದರ ಮೊಟ್ಟೆಯನ್ನು ಹೊರಹಾಕದಿದ್ದರೆ ಆತಿಥೇಯದ ಮರಿಗಳೆಲ್ಲ ನಾಶ. ಹೊರಹಾಕಿದರೆ 3 ಮರಿ ಉಳಿಯುತ್ತವೆ. ನಾಲ್ಕನೆಯದನ್ನು ಕುಕ್ಕೂ ತನ್ನ ಮೊಟ್ಟೆಯಿಡುವಾಗಲೇ ತೆಗೆದಿರುತ್ತದೆ. ಆದರೆ ಅನುಮಾನದ ಹಕ್ಕಿ ತಪ್ಪನ್ನೂ ಮಾಡುತ್ತದೆ. ಕುಕ್ಕೂ ಬಾರದ ಗೂಡುಗಳಲ್ಲೂ 5ರಲ್ಲಿ 1 ಗೂಡಿನಲ್ಲಿ ಅದು ತನ್ನದೇ ಒಂದು ಮೊಟ್ಟೆಯನ್ನು ಹೊರಹಾಕುತ್ತದೆ ಎನ್ನಿ.

ಕುಕ್ಕೂ 20 ಗೂಡುಗಳಿಗೆ ಬಂದರೆ, ಅನುಮಾನದಿಂದ ಉಳಿಯುವುದು 60 ಮರಿ. ಮಿಕ್ಕ 80 ಗೂಡುಗಳಲ್ಲಿ ತಪ್ಪಿನಿಂದ ನಷ್ಟವಾಗುವುದು 16 ಮೊಟ್ಟೆ. ಒಟ್ಟಿನಲ್ಲಿ 44ರ ಲಾಭ. ಕುಕ್ಕೂ 5 ಗೂಡುಗಳಿಗೆ ಮಾತ್ರ ಬಂದರೆ, ಉಳಿಯುವುದು 15 ಮರಿ. 95 ಗೂಡುಗಳಲ್ಲಿ ನಷ್ಟವಾಗುವುದು 19 ಮೊಟ್ಟೆ. ಅಂದರೆ 4ರ ನಷ್ಟ. ಎರಡನೆಯ ಸ್ಥಿತಿಯಲ್ಲಿ ಮೋಸಹೋಗುವ ಹಕ್ಕಿಯೇ ಹೆಚ್ಚು ಮರಿಗಳನ್ನು ಬಿಟ್ಟುಹೋಗುತ್ತದೆ. ನಾವು ಮೂರ್ಖತನ ಎನ್ನುವುದು ಅಲ್ಲಿ ಲಾಭದ ಬಾಬು.

ನಿಸರ್ಗದಲ್ಲೂ ಈ ತರ್ಕಕ್ಕೆ ಪುರಾವೆಯಿದೆ. ಗೂಡಿನ ಬಳಿ ಕುಕ್ಕೂವನ್ನು ಕಂಡ ರೀಡ್ ವಾರ್ಬ್ಲರ್, ಆಮೇಲೆ ಮೊಟ್ಟೆಗಳನ್ನು ಹೊರಹಾಕುವ ಸಂಭವ ಹೆಚ್ಚು. ಆದ್ದರಿಂದಲೇ ಕುಕ್ಕೂ ಗುಟ್ಟಾಗಿ ಬಂದು, ಸುಮಾರು 10 ಸೆಕೆಂಡುಗಳಲ್ಲಿ ಕೆಲಸ ಮುಗಿಸಿ ಹಾರಿಹೋಗುತ್ತದೆ. ಅದರ ಎದೆಯ ಅಡ್ಡಪಟ್ಟೆಗಳು ಗಿಡುಗವನ್ನು ಹೋಲುವುದರಿಂದ ಸಣ್ಣ ಹಕ್ಕಿಗಳು ಹತ್ತಿರ ಬರಲು ಹೆದರುತ್ತವೆ. ನಮ್ಮ ಮಾವಿನ ತೋಪುಗಳಲ್ಲಿ ಏರುದನಿಯಲ್ಲಿ ಕೂಗುವ 'ಬ್ರೈನ್ ಫೀವರ್' ಹಕ್ಕಿಯೂ ಪರಾವಲಂಬಿಯೇ. ಅದರ ರೂಪ, ಹಾರಾಟ ಎರಡೂ ಶಿಕ್ರಾ ಎಂಬ ಸಣ್ಣ ಗಿಡುಗದಂತಿವೆ.

ಮರಿಯನ್ನೇಕೆ ಗುರುತಿಸುವುದಿಲ್ಲ?

ಮೊಟ್ಟೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ವಾರ್ಬ್ಲರ್, ತನಗಿಂತ ಹಲವು ಪಟ್ಟು ದೊಡ್ಡದಾಗಿ ಬೆಳೆದ ಕುಕ್ಕೂ ಮರಿಯ ಬಾಯಿಗೆ ಹುಳು ತುರುಕುತ್ತಲೇ ಇರುತ್ತದೆ. ಇದು ಇನ್ನೂ ದೊಡ್ಡ ಒಗಟು.

ಕುಕ್ಕೂ ಮರಿ ಹುಟ್ಟಿದ ಒಂದೆರಡು ದಿನಗಳಲ್ಲೇ, ಕಣ್ಣು ತೆರೆಯುವ ಮುನ್ನವೇ, ಆತಿಥೇಯದ ಮೊಟ್ಟೆ ಮರಿಗಳನ್ನು ಬೆನ್ನ ಮೇಲೆ ಎತ್ತಿ ಗೂಡಿನಿಂದಾಚೆ ನೂಕುತ್ತದೆ. ಇದನ್ನು ವಿವರವಾಗಿ ವರದಿ ಮಾಡಿದವರು, ಮುಂದೆ ಸಿಡುಬಿನ ಲಸಿಕೆಯಿಂದ ಖ್ಯಾತರಾದ ಎಡ್ವರ್ಡ್ ಜೆನ್ನರ್, 1788ರಲ್ಲಿ. ಹೀಗಾಗಿ ಗೂಡಿನಲ್ಲಿ ಉಳಿಯುವುದು ಒಂದೇ ಮರಿ.

ಇಸ್ರೇಲಿನ ವಿಜ್ಞಾನಿ ಆರ್ನನ್ ಲೋಟೆಮ್ 1993ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ಹಕ್ಕಿಗಳು ತಮ್ಮ ಮೊಟ್ಟೆ ಹೇಗಿರುತ್ತದೆ ಎಂಬುದನ್ನು ಮೊದಲ ಬಾರಿ ಇಟ್ಟಾಗ ನೋಡಿ ಕಲಿಯುತ್ತವೆ. ಆಗ ಕುಕ್ಕೂವಿನ ಒಂದು ಮೊಟ್ಟೆ ಸೇರಿದ್ದರೂ, ಜೊತೆಯಲ್ಲಿ ತನ್ನವೂ ಇರುವುದರಿಂದ ತನ್ನದನ್ನು ತಿರಸ್ಕರಿಸುವ ಅಪಾಯವಿಲ್ಲ. ಮರಿಯನ್ನೂ ಹೀಗೆಯೇ ಮೊದಲ ಬಾರಿ ನೋಡಿ ಕಲಿಯುವುದಾದರೆ? ಮೊದಲ ಗೂಡಿಗೇ ಕುಕ್ಕೂ ಬಂದಿದ್ದರೆ ಹಕ್ಕಿ ಕಾಣುವುದು ಕುಕ್ಕೂ ಮರಿಯೊಂದನ್ನೇ. ಅದನ್ನೇ ತನ್ನದೆಂದು ಕಲಿತ ಹಕ್ಕಿ, ಮುಂದೆ ತನ್ನ ನಿಜವಾದ ಮರಿಗಳನ್ನೆಲ್ಲ ಪರಕೀಯವೆಂದು ಜೀವಮಾನವಿಡೀ ತಿರಸ್ಕರಿಸಬೇಕಾಗುತ್ತದೆ. ಇಂಥ ಕಲಿಕೆಗಿಂತ 'ನನ್ನ ಗೂಡಿನಲ್ಲಿ ಬಾಯಿ ತೆರೆದದ್ದು ನನ್ನ ಮರಿ' ಎಂಬ ಸರಳ ನಿಯಮವೇ ಲೇಸು.

ಪರಾವಲಂಬಿ ಬಳಸಿಕೊಳ್ಳುವುದು ಈ ನಿಯಮವನ್ನೇ. ತಾಯಿಹಕ್ಕಿ ತೆರೆದ ಬಾಯಿಗಳನ್ನು ನೋಡಿ, ಮರಿಗಳ ಕೂಗನ್ನು ಕೇಳಿ ಆಹಾರ ತರುತ್ತದೆ. ಕುಕ್ಕೂ ಮರಿಗಿರುವುದು ಒಂದೇ ಬಾಯಿ. ಆದರೆ ಅದರ ಬಿಡುವಿಲ್ಲದ ಕೂಗು ಒಂದು ಗೂಡು ತುಂಬ ಇರುವ ವಾರ್ಬ್ಲರ್ ಮರಿಗಳ ಕೂಗಿನಂತಿರುತ್ತದೆ. ಡೇವಿಸ್ ಮತ್ತು ಸಂಗಡಿಗರು ವಾರ್ಬ್ಲರ್ ಗೂಡಿನಲ್ಲಿ ಬೇರೊಂದು ಜಾತಿಯ ಒಂಟಿ ಮರಿಯನ್ನಿಟ್ಟು, ಪಕ್ಕದಲ್ಲಿ ಧ್ವನಿವರ್ಧಕದಿಂದ ಕುಕ್ಕೂ ಮರಿಯ ಕೂಗನ್ನು ಕೇಳಿಸಿದರು. ಸಾಕುತಾಯ್ತಂದೆಗಳು ಆಹಾರ ತರುವ ವೇಗ ಹೆಚ್ಚಿತು. ಜಪಾನಿನ ಒಂದು ಜಾತಿಯ ಕುಕ್ಕೂ ಮರಿಯ ರೆಕ್ಕೆಯಡಿ ಹಳದಿ ಚರ್ಮದ ಮಚ್ಚೆಗಳಿವೆ. ರೆಕ್ಕೆ ಎತ್ತಿ ಅಲುಗಿಸಿದಾಗ ಅವು ಇನ್ನೂ ಎರಡು ತೆರೆದ ಬಾಯಿಗಳಂತೆ ತೋರುತ್ತವೆ. ಇದನ್ನು 2005ರಲ್ಲಿ ವರದಿ ಮಾಡಲಾಯಿತು.

ಆದರೂ ಇದೇ ಕೊನೆಯ ಮಾತಲ್ಲ. ಆಸ್ಟ್ರೇಲಿಯದ ಸುಪರ್ಬ್ ಫೇರಿರೆನ್ ಹಕ್ಕಿಗಳು ಹಾರ್ಸ್‌ಫೀಲ್ಡ್ ಬ್ರಾಂಜ್ ಕುಕ್ಕೂ ಮರಿಯಿರುವ ಗೂಡುಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕನ್ನು ತೊರೆಯುತ್ತವೆ ಎಂದು ನಯೋಮಿ ಲ್ಯಾಂಗ್ಮೋರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಗೂಡಿನಲ್ಲಿ ಮರಿ ಒಂಟಿಯಾಗಿರುವುದೇ ಅವುಗಳಿಗೆ ಒಂದು ಸುಳಿವು. ಅಲ್ಲಿನ ಜೆರಿಗೊನಿ ಎಂಬ ಹಕ್ಕಿಗಳು ಕುಕ್ಕೂ ಮರಿಯನ್ನು ಕೊಕ್ಕಿನಿಂದ ಹಿಡಿದು ಹೊರಗೆಳೆಯುತ್ತವೆ. ಪರಿಣಾಮ? ಅಲ್ಲಿ ಕುಕ್ಕೂ ಮರಿಗಳೇ ಆತಿಥೇಯದ ಮರಿಗಳನ್ನು ಹೋಲುವಂತೆ ವಿಕಾಸಗೊಂಡಿವೆ. ಬೇರೆ ಬೇರೆ ಆತಿಥೇಯಗಳಿಗೆ ಹೊಂದಿಕೊಳ್ಳುತ್ತ ಈ ಕುಕ್ಕೂಗಳು ಬೇರೆ ಬೇರೆ ಪ್ರಭೇದಗಳಾಗಿ ಕವಲೊಡೆಯುತ್ತಿವೆ ಎಂಬ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ವಂಚನೆ ಮತ್ತು ಎಚ್ಚರಿಕೆಯ ಪೈಪೋಟಿ ಹೊಸ ಪ್ರಭೇದಗಳಿಗೂ ದಾರಿಯಾಗಬಲ್ಲದು.

ಮತ್ತೆ ಕಾಗೆಯ ಗೂಡಿಗೆ

ನಮ್ಮ ಕಾಗೆಯ ಕಥೆ ತುಸು ಬೇರೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಕೆಲವು ದಿನ ಮೊದಲೇ ಮರಿಯಾಗುತ್ತದೆ. ಹಾಗಾಗಿ ಆಹಾರದಲ್ಲಿ ಅದಕ್ಕೆ ಮೊದಲ ಪಾಲು. ಆದರೆ ಅದು ಸಾಮಾನ್ಯವಾಗಿ ಕಾಗೆ ಮರಿಗಳನ್ನು ಹೊರನೂಕುವುದಿಲ್ಲ, ಅವುಗಳ ಜೊತೆಯಲ್ಲೇ ಬೆಳೆಯುತ್ತದೆ. ಕಾಗೆಗೆ ನಷ್ಟವಿದೆ, ಸರ್ವನಾಶವಿಲ್ಲ. ನಷ್ಟ ಕಡಿಮೆಯಿದ್ದಾಗ ಎಚ್ಚರಿಕೆಯ ಗುಣವನ್ನು ಬೆಳೆಸುವ ಆಯ್ಕೆಯ ಒತ್ತಡವೂ ಕಡಿಮೆ. ಮೇಲಿನ ಲೆಕ್ಕದಲ್ಲಿ ಸರ್ವನಾಶದ ಬದಲು ಒಂದೆರಡು ಮರಿ ಉಳಿಯುತ್ತವೆ ಎಂದು ಬದಲಿಸಿ ನೋಡಿದರೆ, ವಿದ್ಯಾರ್ಥಿಗಳಿಗೆ ಇದು ತಾನಾಗಿಯೇ ಮನದಟ್ಟಾಗುತ್ತದೆ.

ತರಗತಿಯಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, 'ವಂಚನೆ' ಎಂಬುದು ನಮ್ಮ ಅನುಕೂಲಕ್ಕೆ ಬಳಸುವ ಪದ. ಕೋಗಿಲೆಗೆ ದುರುದ್ದೇಶವಿಲ್ಲ. ಪರರ ಗೂಡಿನಲ್ಲಿ ಬೆಳೆದ ಕೋಗಿಲೆ, ಯಾರೂ ಹೇಳಿಕೊಡದೆಯೇ ದೊಡ್ಡದಾದ ಮೇಲೆ ಅದನ್ನೇ ಮಾಡುತ್ತದೆ. ಎರಡನೆಯದು, 'ಮೋಸ ಮಾಡಲೆಂದು ಮೊಟ್ಟೆ ಹೀಗಾಯಿತು' ಎಂದು ಹೇಳಬಾರದು. 'ಹೀಗಿದ್ದ ಮೊಟ್ಟೆಗಳು ಉಳಿದುಬಂದವು' ಎನ್ನಬೇಕು. ಮಾತಿನ ಈ ವ್ಯತ್ಯಾಸದಲ್ಲೇ ಡಾರ್ವಿನ್ನನ ವಿಚಾರದ ತಿರುಳಿದೆ.

ಬೇಸಿಗೆಯ ಕೊನೆ ಮತ್ತು ಮುಂಗಾರಿನ ತಿಂಗಳುಗಳಲ್ಲಿ ಶಾಲೆಯ ಸುತ್ತಲಿನ ಮರಗಳ ಕಾಗೆಗೂಡುಗಳನ್ನು ದೂರದಿಂದ ಗಮನಿಸಲು ವಿದ್ಯಾರ್ಥಿಗಳಿಗೆ ಹೇಳಬಹುದು. ಕೋಗಿಲೆಯನ್ನು ಕಾಗೆ ಅಟ್ಟಿಸಿಕೊಂಡು ಹೋಗುವುದು, ಗೂಡು ಬಿಟ್ಟ ಕೋಗಿಲೆ ಮರಿಗೆ ಕಾಗೆ ಗುಟುಕು ಕೊಡುವುದು, ಇವೆರಡನ್ನೂ ದಿನಾಂಕ, ಸಮಯ, ಸ್ಥಳದೊಂದಿಗೆ ಬರೆದಿಡಲಿ. ಮರ ಹತ್ತುವುದಾಗಲಿ, ಗೂಡು ಮುಟ್ಟುವುದಾಗಲಿ ಬೇಡ. ಅಟ್ಟುವ ಹಕ್ಕಿ, ಉಣಿಸುವ ಹಕ್ಕಿ ಎರಡೂ ಒಂದೇ ಎಂಬುದನ್ನು ಅವರು ಕಂಡಾಗ, ಪಾಠದ ಮೊದಲ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.